ಬಾಡಿಗೆ ಮನೆಗೆ ಯಾವ ಕಮೋಡ್ ಹಾಕಿಸಿದಿರಿ? ಅನುಭವ ಹೇಳಿ

ಕೇಳಿದವರು (ತುಮಕೂರು): ನಮ್ಮ ಮನೆ ಮೇಲೆ ಮೂರು ಸಿಂಗಲ್ ಬೆಡ್‌ರೂಮ್ ಬಾಡಿಗೆ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಟೈಲ್ಸ್ ಇನ್ನೂ ಹಾಕಿಲ್ಲ. ಬೋರ್ ನೀರು, ಪಾತ್ರೆಗೆಲ್ಲಾ ಬಿಳಿ ಕಟ್ಟುತ್ತದೆ. ಒಂದು ಟಾಯ್ಲೆಟ್ ಸಾಮಾನು, ಕೂಲಿ ಸೇರಿ 8,000 ರೂಪಾಯಿಯೊಳಗೆ ಮುಗಿಯಬೇಕು. ಅಂಗಡಿಯವರು ಒನ್ ಪೀಸ್ (ಟ್ಯಾಂಕ್, ಕಮೋಡ್ ಎರಡೂ ಒಂದೇ ತುಂಡು) ತಗೊಳ್ಳಿ ಅಂತಾರೆ, ಮೇಸ್ತ್ರಿ ಇಂಡಿಯನ್ ಸಾಕು ಅಂತಾರೆ. ಪದೇ ಪದೇ ರಿಪೇರಿ ಬರದ ಹಾಗೆ ಯಾವುದು ಹಾಕಿಸಲಿ?

ವಿಜಯನಗರ ಓನರ್: ಸಾದಾ ಫ್ಲೋರ್ ಕಮೋಡ್, ಗೋಡೆಗೆ ಹೊರಗೆ ನೇತುಹಾಕುವ ಪ್ಲಾಸ್ಟಿಕ್ ಫ್ಲಶ್ ಟ್ಯಾಂಕ್. ನನ್ನ ನಾಲ್ಕೂ ಮನೆಯಲ್ಲಿ ಇದೇ ಇರುವುದು. ಹೋದ ಸಲ ಹಾಕಿಸಿದ್ದರ ಲೆಕ್ಕ: ಕಮೋಡ್ 2,900, ಟ್ಯಾಂಕ್ 1,150, ಸೀಟ್ ಕವರ್ 650, ಹೆಲ್ತ್ ಫಾಸೆಟ್ (ಕೈಯಲ್ಲಿ ಹಿಡಿಯುವ ಸ್ಪ್ರೇ) 480, ಎರಡು ಆಂಗಲ್ ಕಾಕ್ (ನೀರು ಬಂದ್ ಮಾಡುವ ಸಣ್ಣ ನಲ್ಲಿ) 700, ಕನೆಕ್ಷನ್ ಪೈಪ್ 120, ಕೂಲಿ 900. ಒಟ್ಟು 6,900. ಟ್ಯಾಂಕ್ ಒಳಗಿನ ವಾಷರ್ ಹೋದರೆ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಇಡೀ ಟ್ಯಾಂಕೇ ಒಡೆದರೂ ಬಿಚ್ಚಿ ಬೇರೆ ಹಾಕಿದರೆ ಆಯಿತು. ಹೈಡ್ರಾಲಿಕ್ ಸೀಟ್ ಕವರ್ ಮಾತ್ರ ತಗೊಳ್ಳಬೇಡಿ. ಅದು ನಿಧಾನಕ್ಕೆ ಇಳಿಯಬೇಕು. ಗೊತ್ತಿಲ್ಲದವರು ಕೈಯಿಂದ ಒತ್ತಿ ಒತ್ತಿ ಕೀಲು ಕಿತ್ತುಹಾಕುತ್ತಾರೆ.

ಜೆ.ಪಿ. ನಗರ: ವಾಲ್ ಹಂಗ್, ಅಂದರೆ ಗೋಡೆಗೆ ನೇತುಹಾಕುವ ಕಮೋಡ್ ಕಡೆ ತಲೆ ಹಾಕಿಯೂ ಮಲಗಬೇಡಿ. ನಮ್ಮ ಕಾಂಟ್ರಾಕ್ಟರ್ ‘ಇದಿದ್ರೆ ಬಾಡಿಗೆ ಎರಡು ಸಾವಿರ ಜಾಸ್ತಿ ಬರುತ್ತೆ ಸಾರ್’ ಅಂತ ಹೇಳಿ ಹಾಕಿದ. ಒಂದು ರೂಪಾಯಿ ಜಾಸ್ತಿ ಬರಲಿಲ್ಲ. ಟ್ಯಾಂಕ್ ಗೋಡೆಯೊಳಗೆ, ಪೈಪ್ ಜಾಯಿಂಟ್ ಟೈಲ್ಸ್ ಹಿಂದೆ. ಆ ಜಾಯಿಂಟ್ ಜಿನುಗುತ್ತಿದ್ದದ್ದು ಗೊತ್ತಾಗಿದ್ದು ಪಕ್ಕದ ಬೆಡ್‌ರೂಮ್ ಗೋಡೆಯ ಪೇಂಟ್ ಉಬ್ಬಿದ ಮೇಲೆ. ಸರ್ವಿಸ್‌ನವರು ಬಂದು ನೋಡಿ, ಟೈಲ್ಸ್ ಒಡೆಯುವುದು ನಮ್ಮ ಕೆಲಸವಲ್ಲ ಅಂತ ಹೋದರು. ಗೋಡೆ ಒಡೆಯಲು 3,500, ಒಳಗಿನ ಸಾಮಾನಿಗೆ 4,200. ಅದೇ ಟೈಲ್ಸ್ ಡಿಸೈನ್ ಅಂಗಡಿಯಲ್ಲಿ ನಿಂತುಹೋಗಿತ್ತು, ಹಾಗಾಗಿ ಒಂದಿಡೀ ಗೋಡೆ ಹೊಸದು, 6,800. ಬೆಡ್‌ರೂಮ್ ಪುಟ್ಟಿ, ಪೇಂಟ್ 5,000. ಒಟ್ಟು 19,500. ಅದರ ಮೇಲೆ ಬಾಡಿಗೆದಾರರಿಗೆ ಅರ್ಧ ತಿಂಗಳ ಬಾಡಿಗೆ ಬಿಟ್ಟುಕೊಟ್ಟೆ. ಆ ಕಾಂಟ್ರಾಕ್ಟರ್ ಈಗಲೂ ಫೋನ್ ಎತ್ತುವುದಿಲ್ಲ.

ಮೈಸೂರು ಮೇಷ್ಟ್ರು: ನಿಮ್ಮ ಮೇಸ್ತ್ರಿ ಬುದ್ಧಿವಂತ. ಕುವೆಂಪುನಗರದ ನನ್ನ ಮನೆ 1998 ರಿಂದ ಬಾಡಿಗೆಗೆ ಇದೆ. ಅಂದು ಹಾಕಿಸಿದ ಒರಿಸ್ಸಾ ಪ್ಯಾನೇ (ಕುಕ್ಕರುಗಾಲಲ್ಲಿ ಕೂರುವ ಇಂಡಿಯನ್) ಇವತ್ತಿಗೂ ಇದೆ. ಸೀಟ್ ಕವರ್ ಇಲ್ಲ, ಕೀಲು ಇಲ್ಲ, ವಾಷರ್ ಇಲ್ಲ. ಒಂದು ನಲ್ಲಿ, ಒಂದು ಬಕೆಟ್. ಎಷ್ಟೋ ಸಂಸಾರ ಬಂದು ಹೋದವು, ಪ್ಯಾನಿಗೆ ಅಂತ ನಾನು ಪ್ಲಂಬರ್ ಕರೆಸಿಲ್ಲ.

ವಿಜಯನಗರ ಓನರ್: ಮೇಷ್ಟ್ರೇ, ಇಂಡಿಯನ್ ಇದೆ ಅಂದ ಕೂಡಲೇ ‘ಆಮೇಲೆ ಫೋನ್ ಮಾಡ್ತೀವಿ’ ಅಂತ ಹೊರಡುತ್ತಾರೆ. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಎಷ್ಟು ಕಮೋಡ್ ಬರುತ್ತದೆ, ಲೆಕ್ಕ ಹಾಕಿ.

ಮೈಸೂರು ಮೇಷ್ಟ್ರು: ನನ್ನ ಮನೆ ಒಂದು ತಿಂಗಳೂ ಖಾಲಿ ಬಿದ್ದಿಲ್ಲ. ಎಷ್ಟೋ ಜನಕ್ಕೆ ಬೇರೆಯವರು ಕೂತ ಸೀಟ್ ಮೇಲೆ ಕೂರಲು ಇವತ್ತಿಗೂ ಮನಸ್ಸಾಗುವುದಿಲ್ಲ. ಬೆಂಗಳೂರೊಂದೇ ಊರಲ್ಲ.

ಹುಬ್ಬಳ್ಳಿ ಅಕ್ಕ: ಮೇಷ್ಟ್ರೇ, ಗರ್ವ ಸಾಕು. ನಮ್ಮ ಅವ್ವನಿಗೆ ಮೊಣಕಾಲು ಆಪರೇಷನ್ ಆದಾಗ ನಾವಿದ್ದ ಬಾಡಿಗೆ ಮನೆಯಲ್ಲಿ ಬರೀ ಇಂಡಿಯನ್. ಪ್ಯಾನ್ ಮೇಲೆ ಇಡುವ ಸ್ಟೂಲ್ 1,800 ಕೊಟ್ಟು ತಂದೆವು. ಅದು ಒದ್ದೆ ನೆಲದಲ್ಲಿ ಜಾರುತ್ತಿತ್ತು. ಪ್ರತಿ ಸಲ ನಾನು ಕೈ ಹಿಡಿದು ನಿಲ್ಲಬೇಕು, ಅವ್ವ ನಾಚಿಕೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಖರ್ಚು ನಾವೇ ಕೊಡುತ್ತೇವೆ, ವೆಸ್ಟರ್ನ್ ಹಾಕಿಸಲು ಬಿಡಿ ಅಂದರೆ ಓನರ್ ಒಪ್ಪಲಿಲ್ಲ. ಮನೆ ಬಿಟ್ಟೆವು. ಸಾಗಿಸುವ ಗಾಡಿಗೆ 6,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ನಿಮ್ಮ ಮನೆ ಬಿಟ್ಟುಹೋದವರು ಯಾಕೆ ಹೋದರು ಅಂತ ಯಾವತ್ತಾದರೂ ಕೇಳಿದ್ದೀರಾ?

ಬಾಡಿಗೆದಾರ, ಬೆಂಗಳೂರು: ಓನರ್‌ಗಳೆಲ್ಲ ಬರೀ ನಿಮ್ಮ ಖರ್ಚೇ ಹೇಳುತ್ತಿದ್ದೀರಿ. ನನ್ನ ಅಡ್ವಾನ್ಸ್‌ನಲ್ಲಿ 14,000 ಹಿಡಿದುಕೊಂಡರು, ‘ನೀವೇ ಏನೋ ಹಾಕಿ ಬ್ಲಾಕ್ ಮಾಡಿದ್ದೀರಿ’ ಅಂತ. ಚೇಂಬರ್ (ಹೊರಗಿನ ಡ್ರೈನೇಜ್ ಗುಂಡಿ) ತೆಗೆದು ನೋಡಿದಾಗ ಪೈಪ್ ಮಧ್ಯದಲ್ಲಿ ತಗ್ಗಾಗಿ ನೀರು ನಿಂತಿತ್ತು. ಅದು ಕಟ್ಟಿಸಿದವರ ಕೆಲಸ, ನನ್ನದಲ್ಲ. ಫೋಟೋ ತೋರಿಸಿದರೂ ದುಡ್ಡು ವಾಪಸ್ ಬರಲಿಲ್ಲ.

ವಿಜಯನಗರ ಓನರ್: ನನ್ನ ಚೇಂಬರ್‌ನಿಂದ ಮಗುವಿನ ಡೈಪರ್ ತೆಗೆಸಿದ್ದೇನೆ ಸ್ವಾಮಿ. ಮಷಿನ್ ಹಾಕಿದ್ದಕ್ಕೆ 2,500. ಅದೂ ಪೈಪ್ ತಗ್ಗಿನಿಂದ ಹುಟ್ಟಿತಾ?

ಬಾಡಿಗೆದಾರ, ಬೆಂಗಳೂರು: ನಿಮ್ಮ ಮನೆಯ ಡೈಪರ್‌ಗೆ ನನ್ನ 14,000 ಯಾಕೆ?

ದಾವಣಗೆರೆ ಪ್ಲಂಬರ್: ಜಗಳ ನಡೆಯಲಿ, ಆದರೆ ಕೇಳಿದವರದ್ದು ಇನ್ನೂ ಟೈಲ್ಸ್ ಆಗಿಲ್ಲ. ಈಗ ನೋಡಬೇಕಾದದ್ದು ಪೈಪ್. ನಿಮ್ಮದು ಮೇಲಿನ ಮಹಡಿ, ಹೊರಗೋಡೆ ಸಿಗುವುದಾದರೆ ಪಿ ಟ್ರ್ಯಾಪ್ ಮಾಡಿಸಿ. ಕೊಳವೆ ಗೋಡೆಯಿಂದ ಹೊರಗೆ ಹೋಗುತ್ತದೆ, ಜಾಯಿಂಟ್ ಸೋರಿದರೆ ಕೆಳಗೆ ನಿಮ್ಮ ಸೀಲಿಂಗ್ ಹಾಳಾಗುವುದಿಲ್ಲ. ನೆಲದಿಂದ ಪೈಪ್ ನಡುವಿಗೆ ಸುಮಾರು 7 ಇಂಚು ಬೇಕು. ಎಸ್ ಟ್ರ್ಯಾಪ್ ಅಂದರೆ ನೆಲದಲ್ಲಿ ಇಳಿಯುವುದು, ಗೋಡೆಯಿಂದ 9 ಇಲ್ಲವೇ 12 ಇಂಚು. ಈ ಅಳತೆ ಟೈಲ್ಸ್ ಆದ ಗೋಡೆಯಿಂದ. ಇಟ್ಟಿಗೆಯಿಂದ 9 ಇಂಚು ಬಿಟ್ಟು ಪ್ಲಾಸ್ಟರ್, ಟೈಲ್ಸ್ ಮಾಡಿದರೆ ಒಂದೂವರೆ ಇಂಚು ಹೋಗುತ್ತದೆ, ಆಮೇಲೆ ತಂದ ಕಮೋಡ್ ಕೂರುವುದಿಲ್ಲ. ಕಮೋಡ್ ಮೊದಲು ಆರಿಸಿ, ಆಮೇಲೆ ಪೈಪ್ ಹಾಕಿಸಿ. ನಾಲ್ಕಿಂಚು ಪೈಪ್‌ಗೆ 10 ಅಡಿಗೆ 3 ಇಂಚು ಇಳಿಜಾರು ಕೊಡಿಸಿ, ತಿರುವು ಇದ್ದ ಕಡೆ ಬಾಗಿಲಿರುವ ಬೆಂಡ್ (ಕಟ್ಟಿಕೊಂಡರೆ ಬಿಚ್ಚಿ ತೆಗೆಯುವ ಮುಚ್ಚಳವಿರುವುದು) ಹಾಕಿಸಿ.

ಬೋರ್ ನೀರಿನಲ್ಲಿ ಪಿಂಗಾಣಿ ಹಾಳಾಗುವುದಿಲ್ಲ, ಟ್ಯಾಂಕ್ ಒಳಗಿನ ರಬ್ಬರ್ ಹಾಳಾಗುತ್ತದೆ. ಅದರ ಮೇಲೆ ಸುಣ್ಣ ಕಟ್ಟಿದರೆ ಸರಿಯಾಗಿ ಕೂರುವುದಿಲ್ಲ, ನೀರು ಸಣ್ಣಗೆ ಹರಿಯುತ್ತಲೇ ಇರುತ್ತದೆ. ತಾರಸಿ ಮೇಲಿನ ನೀರಿನ ಟ್ಯಾಂಕ್ ಬೆಳಿಗ್ಗೆಗೆ ಖಾಲಿ, ಮೋಟಾರ್ ಎರಡೆರಡು ಸಲ ಓಡುತ್ತದೆ, ಕರೆಂಟ್ ಬಿಲ್ ನಿಮಗೆ. ಅದಕ್ಕೇ ಒನ್ ಪೀಸ್ ಬಾಡಿಗೆ ಮನೆಗೆ ನಾನು ಒಪ್ಪುವುದಿಲ್ಲ. ಒಂದೊಂದು ಮಾಡೆಲ್‌ಗೆ ಒಂದೊಂದು ಒಳಸಾಮಾನು, ಕೆಲವು ವರ್ಷ ಆದ ಮೇಲೆ ಸಿಗುವುದು ಕಷ್ಟ. ವಿಜಯನಗರದವರು ಹೇಳಿದ ಸಾದಾ ಟ್ಯಾಂಕೇ ಸರಿ. ಟ್ಯಾಂಕ್‌ಗೆ, ಹೆಲ್ತ್ ಫಾಸೆಟ್‌ಗೆ ಬೇರೆ ಬೇರೆ ಆಂಗಲ್ ಕಾಕ್ ಇರಲಿ. ಒಂದು ಕೆಟ್ಟರೆ ಅದನ್ನಷ್ಟೇ ಮುಚ್ಚಬಹುದು. ಕಮೋಡ್ ಮೇಲೆ ಐಎಸ್‌ಐ ಗುರುತು ನೋಡಿ.

ಮೈಸೂರು ಮೇಷ್ಟ್ರು: ಸುಣ್ಣಕ್ಕೆ ಇಷ್ಟೊಂದು ಯಾಕೆ? ತಿಂಗಳಿಗೊಮ್ಮೆ ಆಸಿಡ್ ಹಾಕಿ ಉಜ್ಜಿದರೆ ಫಳಫಳ.

ದಾವಣಗೆರೆ ಪ್ಲಂಬರ್: ಆಸಿಡ್ ಬೇಡ ಸರ್. ಕಮೋಡ್ ಬುಡದ ವೈಟ್ ಸಿಮೆಂಟ್ ತಿಂದುಹಾಕುತ್ತದೆ, ಹೊಗೆಗೆ ನಲ್ಲಿಯ ಹೊಳಪು ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಬೆರೆತರೆ ವಿಷಗಾಳಿ ಏಳುತ್ತದೆ. ರಬ್ಬರ್ ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್ ಪುಡಿ) ನೀರಿನಲ್ಲಿ ನೆನೆಸಿ ತೊಳೆದರೆ ಸಾಕು.

ಕೇಳಿದವರು (ತುಮಕೂರು): ಹೊರಗೋಡೆ ಎರಡು ಮನೆಗೆ ಸಿಗುತ್ತದೆ, ನಡುವಿನದಕ್ಕೆ ಸಿಗುವುದಿಲ್ಲ. ಅದಕ್ಕೆ ಎಸ್ ಟ್ರ್ಯಾಪೇನಾ?

ದಾವಣಗೆರೆ ಪ್ಲಂಬರ್: ಹೌದು. ಆ ಒಂದಕ್ಕೆ ನೆಲದ ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗೆ ಸೀಲಿಂಗ್ ನೋಡಿ. ಆಮೇಲೆ ಟೈಲ್ಸ್.

ಬಾಡಿಗೆದಾರ, ಬೆಂಗಳೂರು: ತುಮಕೂರಿನವರೇ, ಪೈಪ್ ಮುಚ್ಚುವ ಮೊದಲು ಫೋಟೋ ತೆಗೆದು ಅಗ್ರಿಮೆಂಟ್ ಜೊತೆ ಬಾಡಿಗೆದಾರರಿಗೂ ಕೊಡಿ.

ವಿಜಯನಗರ ಓನರ್: ಕೊಡಲಿ. ಡೈಪರ್ ಹಾಕುವುದಿಲ್ಲ ಅಂತ ಅವರೂ ಅದೇ ಅಗ್ರಿಮೆಂಟ್‌ನಲ್ಲಿ ಬರೆದುಕೊಡಲಿ.