ಅಂಬಾರಿ ಜಗಲಿ ಮೇಲಿರಲಿ, ಕರಿಯನ ಮೇಲೆ ಬೇಡ

ಪುಟ್ಟಿ, ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡ. ನಿಮ್ಮ ನಾಯಿ ಕರಿಯನ ಬೆನ್ನಿಗೆ ರಟ್ಟಿನ ಅಂಬಾರಿ ಕಟ್ಟಿ ನಮ್ಮ ಮನೆಯವರ ಗ್ರೂಪಿನಲ್ಲಿ ವಿಡಿಯೊ ಹಾಕಿದ್ದೀಯಲ್ಲ, 'ಚಿಕ್ಕಮ್ಮ, ಯಾಕೋ ನಗು ಬರ್ತಿಲ್ಲ, ಏನು ತಪ್ಪಾಯ್ತು' ಅಂತ ಕೇಳಿದ್ದೀಯ. ಮಂಡ್ಯದವರೆಲ್ಲ ಚಪ್ಪಾಳೆ ತಟ್ಟಿದ್ದಾರೆ ಬಿಡು. ನಾನು ಮೂರು ಸಲ ನೋಡಿದೆ.

ಅವನ ಮುಖ ನೋಡು. ಕಿವಿ ಹಿಂದಕ್ಕೆ ಅಂಟಿಕೊಂಡಿದೆ. ತಿನ್ನೋಕೆ ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತಾನೆ. ಕಣ್ಣಿನ ಬಿಳಿ ಕಾಣುತ್ತಿದೆ. ನೀನು 'ಎಷ್ಟು ಚೆನ್ನಾಗಿ ಪೋಸ್ ಕೊಟ್ಟ' ಅಂದೆ, ಅದು ಪೋಸ್ ಅಲ್ಲ ಕಣೆ, ಹೆದರಿ ಕಲ್ಲಾಗಿದ್ದಾನೆ. ಅಲ್ವಾ ಮತ್ತೆ, 750 ಕೆಜಿ ಅಂಬಾರಿ ಹೊರುವ ದಸರಾ ಆನೆಗೇ ಇಲ್ಲಿ ಮೈಸೂರಲ್ಲಿ ವಾರಗಟ್ಟಲೆ ಮರಳು ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ಕರಿಯನಿಗೆ ನೀನು ಕೊಟ್ಟಿದ್ದು ಐದು ನಿಮಿಷ!

ನಾನೇನು ಕಮ್ಮಿ ಅಲ್ಲ. ಹೋದ ವರ್ಷ ನಮ್ಮ ಬೆಕ್ಕು ಸುಬ್ಬಿಗೆ ಗೊಂಬೆ ಸೀರೆ ಸುತ್ತಿ, ಗೊಂಬೆ ಕೂರಿಸಿದ ಮೆಟ್ಟಿಲ ಮೇಲೆ ಶೆಟ್ಟರ ಗೊಂಬೆ ಪಕ್ಕ ಕೂರಿಸಿದ್ದೆ. ಬೆಕ್ಕು ಒಂದೇ ನೆಗೆತ, ಶೆಟ್ಟರ ತಲೆ ಕೆಳಗೆ. ನಮ್ಮತ್ತೆಯವರು ತವರಿಂದ ತಂದ ಗೊಂಬೆ ಅದು. ಫೋನಿನಲ್ಲಿ ಉಳಿದದ್ದು ಬರೀ ಸೀಲಿಂಗ್ ಫ್ಯಾನು, ನನ್ನ ಕಿರುಚಾಟ. ನೀವೆಲ್ಲ ಬಿದ್ದು ಬಿದ್ದು ನಕ್ಕಿದ್ದು ಅದಕ್ಕೇ, ಸೀರೆಗಲ್ಲ.

ಇದೇನು ಹೊಸ ಚಟವೂ ಅಲ್ಲವಂತೆ. 1894ರಲ್ಲೇ ಅಮೆರಿಕದಲ್ಲಿ ಎಡಿಸನ್ ಸ್ಟುಡಿಯೊದವರು ಎರಡು ಬೆಕ್ಕುಗಳಿಗೆ ಗ್ಲೌಸ್ ತೊಡಿಸಿ ಬಾಕ್ಸಿಂಗ್ ಆಡಿಸಿ ಫಿಲಂ ತೆಗೆದಿದ್ದಾರೆ. ನಿನ್ನ ಚಿಕ್ಕಪ್ಪ ಮೊನ್ನೆ ತೋರಿಸಿದರು. ನನಗಂತೂ ಪಾಪ ಅನ್ನಿಸಿತು.

ಇರು, ಕುಕ್ಕರ್ ಆಫ್ ಮಾಡಿ ಬಂದೆ.

ಹಾಂ. ಈಗ ಹೀಗೆ ಮಾಡು. ಅಂಬಾರಿ ಬಿಸಾಕಬೇಡ, ಚೆನ್ನಾಗಿ ಮಾಡಿದ್ದೀಯ. ಮಧ್ಯಾಹ್ನ ಊಟ ಆದಮೇಲೆ ಕರಿಯ ಜಗಲಿ ಮುಂದೆ ಅಡ್ಡ ಬಿದ್ದುಕೊಳ್ಳುತ್ತಾನಲ್ಲ, ಆಗ ಅಂಬಾರಿಯನ್ನು ಅವನ ಹಿಂದೆ ಜಗಲಿ ಅಂಚಿಗೆ ಇಡು. ಅವನನ್ನು ಮುಟ್ಟಲೇಬೇಡ. ನೀನು ಅಂಗಳದಲ್ಲಿ ಬೋರಲು ಮಲಗಿ ಫೋನನ್ನು ನೆಲಕ್ಕೆ ತಾಗಿಸಿ ಹಿಡಿ. ಅವನು ಹತ್ತಿರ ಇರುತ್ತಾನೆ, ಜಗಲಿ ಅಂಚು ಅವನ ಬೆನ್ನ ಹಿಂದೆ ಮುಚ್ಚಿಹೋಗುತ್ತದೆ. ಅಂಬಾರಿ ಬೆನ್ನ ಮೇಲೇ ಕೂತ ಹಾಗೆ ಕಾಣುತ್ತದೆ. ಒಂದಂಗುಲ ಆಚೀಚೆ ಸರಿಸಿ ನೋಡು, ಸಿಗುತ್ತದೆ. ನಿಂತುಕೊಂಡು ಮೇಲಿಂದ ತೆಗೆದರೆ ಗುಟ್ಟು ರಟ್ಟು.

ಇನ್ನೊಂದು. ಕರಿ ನಾಯಿ ಫೋನಿನಲ್ಲಿ ಬರೀ ಮಸಿ ಮುದ್ದೆ ಥರ ಬರುತ್ತದೆ. ಸ್ಕ್ರೀನಿನಲ್ಲಿ ಅವನ ಮುಖದ ಮೇಲೆ ಬೆರಳಿಟ್ಟು, ಆ ಸೂರ್ಯನ ಗುರುತು ಬಂದಾಗ ಸ್ವಲ್ಪ ಮೇಲಕ್ಕೆ ಎಳೆ. ಕಣ್ಣು, ಹುಬ್ಬು ಎಲ್ಲ ಎದ್ದು ಕಾಣುತ್ತದೆ. ಫ್ಲ್ಯಾಶ್ ಬೇಡ, ಕಣ್ಣು ದೆವ್ವದ ಹಾಗೆ ಹೊಳೆಯುತ್ತದೆ.

ಆಮೇಲೆ ಸುಮ್ನೆ ಕಾಯಿ. ಅವನು ಆಕಳಿಸಲಿ, ನೊಣ ಓಡಿಸಲಿ, ಎಲ್ಲ ತೆಗೀತಾ ಇರು. ಕೊನೆಗೆ ಒಳಗಿಂದ ಬಿಸ್ಕತ್ ಪೊಟ್ಟಣ ಪರಪರ ಅನ್ನಿಸೋಕೆ ತಮ್ಮನಿಗೆ ಹೇಳು. ಕರಿಯ ದಡಕ್ಕನೆ ಎದ್ದು ಓಡುತ್ತಾನೆ, ಅಂಬಾರಿ ಜಗಲಿ ಮೇಲೇ ಉಳಿಯುತ್ತದೆ! ಅದೇ ನಿನ್ನ ವಿಡಿಯೊ. ಅರ್ಧ ನಿಮಿಷಕ್ಕಿಂತ ಜಾಸ್ತಿ ಇಡಬೇಡ.

ಮಾತು ಆಮೇಲೆ ಸೇರಿಸು. ದಸರಾ ಮೆರವಣಿಗೆಗೆ ಟೀವಿಯಲ್ಲಿ ಕಾಮೆಂಟರಿ ಹೇಳುತ್ತಾರಲ್ಲ, ಆ ಗತ್ತಿನಲ್ಲಿ: 'ಮುಹೂರ್ತ ಮೀರುತ್ತಿದೆ, ಗಜರಾಜರು ಇನ್ನೂ ಎದ್ದಿಲ್ಲ... ಇದೀಗ ಬನ್ನಿಮಂಟಪದ ಕಡೆ ಹೊರಟರು... ಕ್ಷಮಿಸಿ, ಅಡುಗೆಮನೆ ಕಡೆ.' ಇದನ್ನು ಭಾವನೇ ಹೇಳಬೇಕು. ಭಾವ, ಕೇಳಿಸಿಕೊಳ್ಳುತ್ತಿದ್ದೀರಿ ತಾನೇ? ಮದುವೆ ಮನೆಯಲ್ಲಿ ಮೈಕ್ ಹಿಡಿದರೆ ಬಿಡದವರು ನೀವು. ನಗಬೇಡಿ ಮಾತ್ರ, ಗಂಭೀರವಾಗಿ ಹೇಳಿ. ರೂಮಿನಲ್ಲಿ ಬಟ್ಟೆ ಬೀರು ಬಾಗಿಲು ತೆಗೆದು ಅದರ ಮುಂದೆ ನಿಂತು ರೆಕಾರ್ಡ್ ಮಾಡಿ, ಗುಂಯ್ ಅನ್ನೋದು ಕಮ್ಮಿಯಾಗುತ್ತದೆ.

ಮತ್ತೆ ಮತ್ತೆ ತೆಗೆಯಬೇಕಾದರೆ ಪ್ರತಿ ಸಲ ಬಿಸ್ಕತ್ ಕೊಡಬೇಡ ಪುಟ್ಟಿ. ರಾಗಿಮುದ್ದೆ ಕಡಲೆಕಾಳಿನಷ್ಟು ಸಾಕು. ಸಾರು ಹಾಕಬೇಡ, ಈರುಳ್ಳಿ ಇರುತ್ತದೆ, ನಾಯಿಗೆ ಆಗುವುದಿಲ್ಲ. ಚಾಕಲೇಟು, ದ್ರಾಕ್ಷಿ, ಒಣದ್ರಾಕ್ಷಿ ಅಂತೂ ವಿಷ. ಅಜ್ಜಿ ಪಾಯಸದಿಂದ ಹೆಕ್ಕಿ ಕೊಡುತ್ತಾರೆ, ನೋಡಿಕೋ. ಮೂರು ಸಲಕ್ಕೆ ಆಗಲಿಲ್ಲವೋ, ಅವತ್ತಿಗೆ ಬಿಟ್ಟುಬಿಡು. ನಾಳೆಯೂ ಅಲ್ಲೇ ಮಲಗುತ್ತಾನೆ, ಎಲ್ಲಿಗೆ ಹೋಗುತ್ತಾನೆ.

ಸರಿ, ಸುಬ್ಬಿ ಫೋನ್ ಮೇಲೇ ಬಂದು ಕೂತಳು. ಇಡ್ತೀನಿ.