ಅಪ್‌ಡೇಟ್: ಸ್ಪೀಕರ್‌ನ ಗುಂಯ್ ಸದ್ದು ಕೊನೆಗೂ ನಿಂತಿತು

ಲ್ಯಾಪ್‌ಟಾಪ್ ಜೋಡಿಸಿದರೆ ಸ್ಪೀಕರ್ ಗುಂಯ್ ಅನ್ನುತ್ತೆ, ಬೀದರ್‌ನಲ್ಲಿ ಕ್ರಿಸ್‌ಮಸ್ ಪಾರ್ಟಿಗಳು ಸಾಲಾಗಿವೆ, ಏನು ಮಾಡಲಿ ಅಂತ ಕೇಳಿದ್ದೆ. ಸರಿಹೋಯ್ತು!

ಕೇಬಲ್ ಬದಲಿಸಿದರೂ ಪ್ರಯೋಜನ ಆಗಲಿಲ್ಲ. ಚಾರ್ಜರ್ ಕಿತ್ತು ನೋಡಿ ಅಂದವರ ಮಾತೇ ನಿಜ. ಕಿತ್ತ ತಕ್ಷಣ ಸದ್ದು ಮಾಯ. ಅಂದರೆ ಗ್ರೌಂಡ್ ಲೂಪ್: ಚಾರ್ಜರ್‌ನ ಅರ್ಥ್, ಸೌಂಡ್ ಸಿಸ್ಟಮ್‌ನ ಅರ್ಥ್ ಎರಡೂ ಆಡಿಯೋ ಕೇಬಲ್ ಮೂಲಕ ಸೇರಿ ಒಂದು ಸುತ್ತಾಗಿ, ಅದರಲ್ಲಿ ಹರಿಯುವ ಕರೆಂಟ್ ಗುಂಯ್ ಅಂತ ಕೇಳಿಸುತ್ತೆ. ಆದರೆ ಪಾರ್ಟಿ ಮುಗಿಯೋವರೆಗೆ ಬ್ಯಾಟರಿ ಬರಲ್ಲ ಅಲ್ವಾ? ಲ್ಯಾಪ್‌ಟಾಪ್‌ಗೂ ಸೌಂಡ್ ಮಿಕ್ಸರ್‌ಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಆ ಸುತ್ತನ್ನು ಕಡಿದು ಹಾಡಿನ ಸಿಗ್ನಲ್ ಮಾತ್ರ ದಾಟಿಸುವ ಪುಟ್ಟ ಪೆಟ್ಟಿಗೆ) ಹಾಕಿದೆ. ಈಗ ಚಾರ್ಜರ್ ಇದ್ದು, ಫೇಡರ್ (ಮಿಕ್ಸರ್‌ನ ವಾಲ್ಯೂಮ್ ಸ್ಲೈಡರ್) ಪೂರ್ತಿ ಏರಿಸಿದರೂ ಗುಂಯ್ ಇಲ್ಲ.

ಪ್ಲಗ್‌ನ ಅರ್ಥ್ ಪಿನ್ ತೆಗೆಯಿರಿ ಅಂತಲೂ ಒಬ್ಬರು ಹೇಳಿದ್ದರು. ದಯವಿಟ್ಟು ಬೇಡ. ಮೈಕ್ ಹಿಡಿದವರಿಗೆ ಶಾಕ್ ಹೊಡೆದೀತು.

ಇನ್ನೊಂದು ಗೊತ್ತಾಯ್ತು: ರಾತ್ರಿ 10ರ ನಂತರ ಧ್ವನಿವರ್ಧಕ ಬೇಡ ಎನ್ನುವ 2000ದ ಶಬ್ದಮಾಲಿನ್ಯ ನಿಯಮದಲ್ಲೇ, ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಬುಕಿಂಗ್‌ಗೆ ಮೊದಲೇ ಪೊಲೀಸ್ ಸ್ಟೇಷನ್‌ನಲ್ಲಿ ವಿಚಾರಿಸಿ.