ಮೆಂಟರ್ ಗುಂಪಿನ ಹುಡುಗ ನಶೆಗೆ ಬಿದ್ದಿದ್ದಾನೆ ಅನ್ನೋ ಅನುಮಾನ: ಮೊದಲು ಏನು ಮಾಡಬೇಕು?

ಪದವಿ ಕಾಲೇಜು ಅಧ್ಯಾಪಕ, ತುಮಕೂರು
ನಾನು ಮೆಂಟರ್ ಆಗಿ ನೋಡಿಕೊಳ್ಳುವ ಗುಂಪಿನಲ್ಲಿರುವ ಬಿ.ಕಾಂ. ಎರಡನೇ ವರ್ಷದ ಹುಡುಗ. ಬೆಳಗಿನ ಕ್ಲಾಸಿಗೆ ಬರುತ್ತಿಲ್ಲ, ಇಂಟರ್ನಲ್ಸ್ ಅಂಕ ಕುಸಿದಿದೆ, ಹಳೇ ಗೆಳೆಯರ ಜೊತೆ ಕಾಣಿಸುತ್ತಿಲ್ಲ, ಕಣ್ಣು ಕೆಂಪು. ಬ್ಯಾಗ್ ಚೆಕ್ ಮಾಡಿ, ಮೂತ್ರ ಪರೀಕ್ಷೆ ಮಾಡಿಸಿ, ಅಪ್ಪನನ್ನು ಕರೆಸಿ ಎನ್ನುತ್ತಿದ್ದಾರೆ ಸಹೋದ್ಯೋಗಿಗಳು. ಇದು ಸರಿಯೇ?

ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಕೋಲಾರ
ಸರ್, ಆ ಮೂರೂ ಈಗ ಬೇಡ. ಗಾಂಜಾ ಹೆಚ್ಚಾಗಿ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಪಾಸಿಟಿವ್ ಬರುತ್ತದೆ, ಸೇದಿದ್ದು ಯಾವತ್ತು ಅಂತ ಅದು ಹೇಳುವುದಿಲ್ಲ. ವೈಟ್ನರ್, ಪಂಕ್ಚರ್ ಸಲ್ಯೂಷನ್ ಮೂಸುವವರು ಸಾಮಾನ್ಯ ಕಿಟ್‌ನಲ್ಲಿ ಸಿಕ್ಕುವುದೇ ಇಲ್ಲ. ಕೆಂಪು ಕಣ್ಣು ನಿದ್ದೆಗೆಟ್ಟವನಿಗೂ ಇರುತ್ತದೆ, ಖಿನ್ನತೆಯಲ್ಲೂ ಹಾಜರಾತಿ ಬೀಳುತ್ತದೆ.

ಸ್ಟಾಫ್ ರೂಮ್ ಬಿಟ್ಟು ಬೇರೆ ಕಡೆ, ಒಬ್ಬನನ್ನೇ ಕೂರಿಸಿಕೊಳ್ಳಿ. ಕಂಡದ್ದನ್ನಷ್ಟೇ ಹೇಳಿ: 'ಮೂರು ವಾರದಿಂದ ಮೊದಲ ಪೀರಿಯಡ್‌ಗೆ ಬಂದಿಲ್ಲ. ಏನಾಗ್ತಿದೆ ನಿನಗೆ?' ಆಮೇಲೆ ಸುಮ್ಮನಿರಿ. 'ಗಾಂಜಾ ಹೊಡೀತೀಯಾ?' ಅಂತಲೇ ಶುರು ಮಾಡಿದರೆ 'ಇಲ್ಲ ಸರ್' ಅನ್ನುತ್ತಾನೆ, ಆ ಮಾತನ್ನು ಉಳಿಸಿಕೊಳ್ಳಲು ನಿಮ್ಮನ್ನೇ ತಪ್ಪಿಸಿಕೊಂಡು ಓಡಾಡುತ್ತಾನೆ. ಬಾಯಿ ಬಿಟ್ಟರೆ ಏನು, ವಾರಕ್ಕೆ ಎಷ್ಟು ದಿನ, ಒಬ್ಬನೇನಾ, ನಿಲ್ಲಿಸಲು ನೋಡಿದಾಗ ಏನಾಯಿತು ಎಂದು ಕೇಳಿ. ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 'ಯಾರಿಗೂ ಹೇಳಲ್ಲ' ಎಂದು ಮಾತ್ರ ಮಾತು ಕೊಡಬೇಡಿ. ಪ್ರಾಣಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿ.

ಶುಶ್ರೂಷಾಧಿಕಾರಿ, ಚಿಕ್ಕಬಳ್ಳಾಪುರ
ಗಾಂಜಾ ಒಂದನ್ನೇ ಹುಡುಕುತ್ತಾ ಕೂತರೆ ನೋವಿನ ಮಾತ್ರೆ ಕಣ್ಣಿಗೆ ಬೀಳುವುದಿಲ್ಲ. ಟ್ಯಾಪೆಂಟಡಾಲ್‌ನಂಥವನ್ನು ಪುಡಿ ಮಾಡಿ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಾರೆ. ಅವರ ಗುರುತು: ಸೆಕೆಯಲ್ಲೂ ತುಂಬುತೋಳಿನ ಅಂಗಿ, ಕುಳಿತಲ್ಲೇ ತೂಕಡಿಕೆ, ಸೂಜಿಮೊನೆಯಷ್ಟು ಕಣ್ಣಪಾಪೆ. ಮಾತ್ರೆ ಸಿಗದ ದಿನ ಆಕಳಿಕೆ, ಸೋರುವ ಮೂಗು, ಭೇದಿ. ಇದರಲ್ಲಿ ಡೋಸ್ ಮೀರಿದರೆ ಉಸಿರೇ ನಿಲ್ಲುತ್ತದೆ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಮಜ್ಜಿಗೆ, ನಿಂಬೆರಸ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ನಿದ್ದೆ ಮಾಡಿದರೆ ಇಳಿಯುತ್ತದೆ ಎಂದು ಹಾಸ್ಟೆಲ್ ರೂಮಿನಲ್ಲಿ ಬಿಡಲೇಬೇಡಿ.

ದಿನವೂ ಮದ್ಯ ಕುಡಿಯುವವನಿಗೆ 'ಇವತ್ತಿನಿಂದ ಪೂರ್ತಿ ಬಿಡು' ಎನ್ನುವುದೂ ಅಪಾಯ. ಬಿಟ್ಟ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು.

ಪದವಿ ಕಾಲೇಜು ಅಧ್ಯಾಪಕ, ತುಮಕೂರು
ಮೇಡಂ, ಆಸ್ಪತ್ರೆಗೆ ಕಳಿಸಿದರೆ ಪೊಲೀಸ್ ಕೇಸ್ ಆಗುತ್ತದೆಂಬ ಭಯ ಇದೆಯಲ್ಲ?

ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಕೋಲಾರ
ಚಿಕಿತ್ಸೆಗೆ ಬಂದವರ ಹೆಸರನ್ನು ಗುಟ್ಟಾಗಿ ಇಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. 1985ರ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 64ಎ ಕಲಂ ಕೂಡ ಇದೆ: ಸೇವನೆ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಬಂದು ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟಕ್ಕೆ ಇದು ಅನ್ವಯಿಸುವುದಿಲ್ಲ.

ನಂಬರ್ ಕೊಟ್ಟು ಕಳಿಸಬೇಡಿ, ಹಾಗೆ ಹೋದವರು ಕರೆ ಮಾಡುವುದು ಅಪರೂಪ. ನಿಮ್ಮೆದುರೇ ಅವನ ಫೋನಿನಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮಾಡಿಸಿ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಮೊದಲ ಸಲ ಅವನು ಒಪ್ಪುವ ಒಬ್ಬರು ಜೊತೆಗೆ ಹೋಗಲಿ, ಅದು ಅಮ್ಮನೋ ಅಣ್ಣನೋ ಅವನೇ ಹೇಳಲಿ. ಮುಂದಿನ ವಾರ ಇದೇ ದಿನ ಮತ್ತೆ ಕರೆಯಿರಿ, ಅವನು ಹೋಗಿರದಿದ್ದರೂ ಕರೆಯಿರಿ.